ಎದೆಗೂಡಿನಲ್ಲಿ ಎರಡು ಚರಿತ್ರೆಗಳು: ಹೃದಯದ ಬೈಪಾಸ್ ಆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ

೧

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಅವಯವಗಳ ಕ್ರಮದಲ್ಲಿ ವಿಂಗಡಿಸಿಕೊಂಡಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆಗೆ ಒಂದು ಚರಿತ್ರೆ, ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆ ಮತ್ತೊಂದು. ಒಂದರ ನಾಯಕರು ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಬೋಧನೆಯ ಅನುಕೂಲಕ್ಕೆ ಈ ವಿಂಗಡಣೆ ಒಳ್ಳೆಯದೇ. ಆದರೆ ರೋಗಿಯ ದೇಹಕ್ಕೆ ಈ ವಿಂಗಡಣೆಯ ಅರಿವಿಲ್ಲ. ಒಂದೇ ಎದೆಗೂಡಿನಲ್ಲಿ ಹೃದಯವೂ ಶ್ವಾಸಕೋಶಗಳೂ ಒತ್ತಾಗಿ ನೆಲಸಿವೆ. ಒಂದಕ್ಕೆ ಮಾಡಿದ ಚಿಕಿತ್ಸೆಯ ಗುರುತು ಇನ್ನೊಂದರ ಮೇಲೆ ಉಳಿಯುತ್ತದೆ. ಹೃದಯಕ್ಕೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹತ್ತು ಹದಿನೈದು ವರ್ಷ ಬದುಕಿದವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಾಗ ಈ ಎರಡು ಚರಿತ್ರೆಗಳೂ ಒಂದೇ ಮೇಜಿನ ಮೇಲೆ ಕೂಡುತ್ತವೆ.

ಈ ಕೂಟದ ಹಿನ್ನೆಲೆಯನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಚಿಕಿತ್ಸೆಯ ಸಲಹೆ ಕೊಡುವುದು ನಮ್ಮ ಅಧಿಕಾರಕ್ಕೆ ಹೊರತಾದುದು. ಒಂದು ಕಾಲದ ಪರಿಹಾರವು ಮುಂದಿನ ಕಾಲಕ್ಕೆ ಹೇಗೆ ಒಂದು ಪ್ರಶ್ನೆಯಾಗಿ ನಿಲ್ಲುತ್ತದೆ ಎಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯ. ರಾಜ್ಯಗಳ ಚರಿತ್ರೆಯಲ್ಲಿ ನಾವು ಕಾಣುವ ಈ ನಿಯಮವನ್ನು ಮನುಷ್ಯನ ಎದೆಗೂಡಿನಲ್ಲಿಯೂ ಕಾಣಬಹುದೆಂದು ತೋರಿಸಲು ಇಲ್ಲಿ ಯತ್ನಿಸಿದ್ದೇವೆ.

೨

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿತ್ತು. ಎದೆ ಮಾತ್ರ ಮುಚ್ಚಿದ ಬಾಗಿಲಾಗಿಯೇ ಉಳಿದಿತ್ತು. ಇದಕ್ಕೆ ಕಾರಣ ಧೈರ್ಯದ ಕೊರತೆಯಲ್ಲ, ದೇಹರಚನೆ. ಶ್ವಾಸಕೋಶವು ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿಲ್ಲ; ಎರಡು ತೆಳುಪೊರೆಗಳ ನಡುವಣ ಕಡಮೆ ಒತ್ತಡದಿಂದ ಅದು ಹಿಗ್ಗಿ ನಿಂತಿರುತ್ತದೆ. ಎದೆಯನ್ನು ಸೀಳಿದೊಡನೆ ಹೊರಗಿನ ಗಾಳಿ ಒಳನುಗ್ಗಿ ಶ್ವಾಸಕೋಶ ಮುದುಡಿಹೋಗುತ್ತದೆ, ಉಸಿರು ಕಟ್ಟುತ್ತದೆ. ೧೮೯೬ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪೇಜೆಟ್ ಎದೆಯ ಶಸ್ತ್ರಚಿಕಿತ್ಸೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಹೃದಯದ ವಿಷಯದಲ್ಲಿ ಶಸ್ತ್ರವೈದ್ಯವು ಪ್ರಕೃತಿ ಹಾಕಿದ ಎಲ್ಲೆಯನ್ನು ಬಹುಶಃ ಮುಟ್ಟಿದೆಯೆಂಬ ಅಭಿಪ್ರಾಯವನ್ನು ಸೂಚಿಸಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯನು ಇರಿತಕ್ಕೆ ಸಿಕ್ಕಿದ ಒಬ್ಬನ ಹೃದಯದ ಗಾಯವನ್ನು ಹೊಲಿದು ಅವನನ್ನು ಬದುಕಿಸಿದನು. ಎಲ್ಲೆಗಳನ್ನು ಗೊತ್ತುಮಾಡುವವರು ಎಚ್ಚರದಿಂದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಗಾಳಿಯ ಒತ್ತಡದ ತೊಡಕಿಗೆ ಮೊದಲ ಪರಿಹಾರವನ್ನು ಸೂಚಿಸಿದವನು ಬ್ರೆಸ್ಲಾವಿನ ಫರ್ಡಿನಾಂಡ್ ಸವರ್‌ಬ್ರುಕ್. ೧೯೦೪ರಲ್ಲಿ ಅವನು ಪ್ರಕಟಿಸಿದ ಏರ್ಪಾಟಿನಲ್ಲಿ ರೋಗಿಯ ದೇಹವೂ ಶಸ್ತ್ರವೈದ್ಯರೂ ಕಡಮೆ ಒತ್ತಡದ ಒಂದು ಪೆಟ್ಟಿಗೆಯಂಥ ಕೋಣೆಯ ಒಳಗಿರುತ್ತಿದ್ದರು. ರೋಗಿಯ ತಲೆ ಮಾತ್ರ ಹೊರಗಿರುತ್ತಿತ್ತು. ಈ ಏರ್ಪಾಟು ಬೃಹತ್ತಾಗಿದ್ದಿತು, ಬಹುಕಾಲ ಬಾಳಲಿಲ್ಲ. ೧೯೦೯ರಲ್ಲಿ ನ್ಯೂಯಾರ್ಕಿನ ಮೆಲ್ಟ್ಸರ್ ಮತ್ತು ಆಯರ್ ಎಂಬಿಬ್ಬರು ಶ್ವಾಸನಾಳದೊಳಕ್ಕೆ ಕೊಳವೆಯನ್ನಿಳಿಸಿ ಗಾಳಿಯನ್ನು ಒತ್ತಿ ಕಳುಹಿಸುವ ಸರಳ ಮಾರ್ಗವನ್ನು ತೋರಿಸಿಕೊಟ್ಟರು. ಮೊದಲನೆಯ ಮಹಾಯುದ್ಧದ ಅನಂತರ ಮುಖಕ್ಕೆ ಗಾಯವಾದ ಸೈನಿಕರಿಗೆ ಅರಿವಳಿಕೆ ಕೊಡುತ್ತಿದ್ದ ಇಂಗ್ಲೆಂಡಿನ ಐವನ್ ಮೇಗಿಲ್ ಈ ಕೊಳವೆಯ ವಿಧಾನವನ್ನು ಪಕ್ವಗೊಳಿಸಿದನು. ೧೯೪೯ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್ ರೂಪಿಸಿದ ಜೋಡಿಕೊಳವೆಯಿಂದ ಎರಡು ಶ್ವಾಸಕೋಶಗಳಿಗೂ ಬೇರೆಬೇರೆಯಾಗಿ ಗಾಳಿಯಾಡಿಸುವುದು ಸಾಧ್ಯವಾಯಿತು. ಒಂದನ್ನು ಮಲಗಿಸಿ ಇನ್ನೊಂದರಿಂದ ರೋಗಿಯನ್ನು ಉಸಿರಾಡಿಸುವ ಇಂದಿನ ಕ್ರಮಕ್ಕೆ ಇದೇ ತಳಹದಿ.

ಇದೇ ಕಾಲದ ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. ೧೯೧೮ರಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ನ್ಯುಮೋನಿಯದ ಬೆನ್ನಲ್ಲೇ ಎದೆಗೂಡಿನೊಳಗೆ ಕೀವು ತುಂಬಿ ಅನೇಕ ಯುವಕರು ಸಾಯುತ್ತಿದ್ದರು. ಕೀವನ್ನು ಕೂಡಲೆ ಎದೆ ಕೊಯ್ದು ಹೊರಬಿಡುವುದು ಅಂದಿನ ರೂಢಿ. ಇದನ್ನು ವಿಚಾರಿಸಲು ಸೈನ್ಯ ನೇಮಿಸಿದ ಮಂಡಲಿಯಲ್ಲಿದ್ದ ಎವರ್ಟ್ಸ್ ಗ್ರೇಯಮ್ ಎಂಬ ಶಸ್ತ್ರವೈದ್ಯನು, ಈ ಆತುರವೇ ಮರಣಕ್ಕೆ ಕಾರಣವೆಂದು ಪ್ರಯೋಗಗಳಿಂದ ತೋರಿಸಿದನು. ಮೊದಲು ಸೂಜಿಯಿಂದ ಕೀವನ್ನು ಹೀರಬೇಕು. ಶ್ವಾಸಕೋಶವು ಎದೆಯ ಗೋಡೆಗೆ ಅಂಟಿಕೊಳ್ಳುವವರೆಗೆ ಕಾಯಬೇಕು. ಅಂಟು ಬಲಿತ ಮೇಲೆ ಕೊಯ್ದರೆ ಶ್ವಾಸಕೋಶ ಮುದುಡುವ ಭಯವಿಲ್ಲ. ಈ ಕ್ರಮವನ್ನು ಅನುಸರಿಸಿದೊಡನೆ ಸಾವಿನ ಪ್ರಮಾಣ ಬಹಳವಾಗಿ ಇಳಿಯಿತು. ಇಲ್ಲಿ ಪೊರೆಗಳ ನಡುವಣ ಅಂಟು ಶಸ್ತ್ರವೈದ್ಯನ ಮಿತ್ರನಾಗಿದ್ದುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಇದೇ ಅಂಟು ಮುಂದೆ ಬೇರೆಯ ಪಾತ್ರವನ್ನು ವಹಿಸಲಿದೆ.

೩

ಶ್ವಾಸಕೋಶದ ಕ್ಯಾನ್ಸರನ್ನು ಕೊಯ್ದು ತೆಗೆಯುವ ಪ್ರಯತ್ನ ೧೯೧೨ರಷ್ಟು ಹಿಂದಿನದು. ಆ ವರ್ಷ ಲಂಡನ್ನಿನ ಮಾರಿಸ್ಟನ್ ಡೇವಿಸ್ ಒಂದು ಹಾಲೆಯನ್ನು ಅದರ ರಕ್ತನಾಳಗಳನ್ನೂ ಶ್ವಾಸನಾಳವನ್ನೂ ಬಿಡಿಬಿಡಿಯಾಗಿ ಕಟ್ಟಿ ತೆಗೆದನು. ರೋಗಿ ಎಂಟನೆಯ ದಿನ ತೀರಿಕೊಂಡನು. ಪೂರ್ಣ ಯಶಸ್ಸು ದೊರೆತದ್ದು ೧೯೩೩ರ ಏಪ್ರಿಲ್ ೫ರಂದು, ಸೇಂಟ್ ಲೂಯಿಸ್ ನಗರದಲ್ಲಿ. ಮೇಲೆ ಹೇಳಿದ ಗ್ರೇಯಮನೇ ಅದನ್ನು ಸಾಧಿಸಿದವನು. ರೋಗಿಯು ಪಿಟ್ಸ್‌ಬರ್ಗಿನ ಒಬ್ಬ ವೈದ್ಯ. ಎಡ ಶ್ವಾಸಕೋಶದ ಮೇಲಿನ ಹಾಲೆಯೊಂದನ್ನೇ ತೆಗೆಯುವುದು ಗ್ರೇಯಮನ ಉದ್ದೇಶವಾಗಿತ್ತು. ಎದೆಯನ್ನು ತೆರೆದು ನೋಡಿದಾಗ ಗಂತಿಯು ಕೆಳಹಾಲೆಯ ನಾಳದ ಹತ್ತಿರದವರೆಗೆ ಹಬ್ಬಿದ್ದುದರಿಂದ ಇಡೀ ಎಡ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆಯಬೇಕಾಯಿತು. ರೋಗಿ ಗುಣಹೊಂದಿ ತನ್ನ ವೃತ್ತಿಗೆ ಹಿಂತಿರುಗಿ ಮೂವತ್ತು ವರ್ಷ ಬದುಕಿದನು.

ಇದರ ಮುಂದಿನ ಕಥೆ ಹೆಚ್ಚು ದಾರುಣವಾದುದು. ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಸಂಬಂಧವುಂಟೆಂಬ ಮಾತನ್ನು ಗ್ರೇಯಮ್ ಮೊದಲು ಸಂದೇಹದಿಂದಲೇ ನೋಡಿದನು. ಅವನೂ ಸಿಗರೇಟು ಸೇದುತ್ತಿದ್ದವನು. ತನ್ನ ವಿದ್ಯಾರ್ಥಿ ಅರ್ನ್‌ಸ್ಟ್ ವಿಂಡರ್ ರೋಗಿಗಳನ್ನು ಪ್ರಶ್ನಿಸಿ ಸಂಗ್ರಹಿಸಿದ ಸಾಕ್ಷ್ಯ ಬಲವಾಗುತ್ತ ಬಂದಂತೆ ಅವನ ಅಭಿಪ್ರಾಯ ಬದಲಾಯಿತು. ೧೯೫೦ರಲ್ಲಿ ಇಬ್ಬರೂ ಸೇರಿ ೬೮೪ ರೋಗಿಗಳನ್ನು ಕುರಿತ ತಮ್ಮ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದರು. ಗ್ರೇಯಮ್ ಸಿಗರೇಟನ್ನು ಬಿಟ್ಟನು; ಆದರೆ ತಡವಾಗಿತ್ತು. ೧೯೫೭ರಲ್ಲಿ ಅವನು ಶ್ವಾಸಕೋಶದ ಕ್ಯಾನ್ಸರಿನಿಂದಲೇ ಮೃತನಾದನು. ಅವನು ಬದುಕಿಸಿದ ರೋಗಿ ಅವನಿಗಿಂತ ಆರು ವರ್ಷ ಹೆಚ್ಚು ಬಾಳಿದನು.

ಇಡೀ ಶ್ವಾಸಕೋಶವನ್ನು ತೆಗೆದರೆ ಹೃದಯದ ಬಲಭಾಗವು ದೇಹದ ರಕ್ತವನ್ನೆಲ್ಲ ಉಳಿದ ಒಂದೇ ಶ್ವಾಸಕೋಶದ ಮೂಲಕ ನೂಕಬೇಕಾಗುತ್ತದೆ. ಈ ಹೊರೆಯನ್ನು ಕಂಡು ಬಾಸ್ಟನ್ನಿನ ಚರ್ಚಿಲ್ ಮೊದಲಾದವರು ೧೯೫೦ರ ಸುಮಾರಿಗೆ, ಸಾಧ್ಯವಿದ್ದಲ್ಲಿ ಒಂದು ಹಾಲೆಯನ್ನು ಮಾತ್ರ ತೆಗೆಯುವುದೇ ಸಾಕೆಂದು ವಾದಿಸಿದರು. ಹಾಲೆಯನ್ನು ತೆಗೆಯುವ ಕ್ರಮ ಕ್ರಮೇಣ ಸರ್ವಮಾನ್ಯವಾಯಿತು.

೪

ಹೃದಯದ ಕಡೆಯ ಧಾರೆ ಬೇರೊಂದು ಪಾತ್ರದಲ್ಲಿ ಹರಿದು ಬಂದಿತು. ೧೯೫೩ರ ಮೇ ೬ರಂದು ಫಿಲಡೆಲ್ಫಿಯದ ಜಾನ್ ಗಿಬ್ಬನ್ ತಾನು ರೂಪಿಸಿದ ಹೃದಯ–ಶ್ವಾಸಕೋಶ ಯಂತ್ರದ ನೆರವಿನಿಂದ ಹದಿನೆಂಟು ವರ್ಷದ ತರುಣಿಯ ಹೃದಯದೊಳಗಿನ ರಂಧ್ರವನ್ನು ಮುಚ್ಚಿದನು. ೧೯೫೮ರಲ್ಲಿ ಕ್ಲೀವ್‌ಲೆಂಡಿನ ಮೇಸನ್ ಸೋನ್ಸ್ ಪರೀಕ್ಷೆಯೊಂದನ್ನು ನಡಸುತ್ತಿದ್ದಾಗ ಬಣ್ಣದ್ರವ ಆಕಸ್ಮಿಕವಾಗಿ ಹೃದಯವನ್ನು ಪೋಷಿಸುವ ಕೊರೊನರಿ ಧಮನಿಯೊಳಕ್ಕೇ ಹೋಯಿತು. ರೋಗಿಗೆ ಶಾಶ್ವತವಾದ ಹಾನಿಯಾಗಲಿಲ್ಲ. ಅಲ್ಲಿಂದ ಮುಂದೆ ಆ ಧಮನಿಗಳಲ್ಲಿ ಎಲ್ಲಿ ತಡೆಯುಂಟಾಗಿದೆ ಎಂಬುದನ್ನು ಬದುಕಿರುವ ಮನುಷ್ಯನಲ್ಲಿಯೇ ನೋಡುವುದು ಸಾಧ್ಯವಾಯಿತು.

ತಡೆಯನ್ನು ಬಳಸಿ ರಕ್ತವನ್ನು ಮುಂದಕ್ಕೆ ಕೊಂಡೊಯ್ಯುವ ಕಾಲುವೆಯೇ ಬೈಪಾಸ್. ೧೯೬೦ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಗೋಟ್ಸ್ ಇದನ್ನು ಒಮ್ಮೆ ಸಾಧಿಸಿದನಾದರೂ ಅದು ಅಲ್ಲಿಗೇ ನಿಂತಿತು. ೧೯೬೪ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡಿನ ವಸೀಲಿ ಕೊಲೆಸೊವ್, ಎದೆಯೆಲುಬಿನ ಹಿಂಬದಿಯಲ್ಲಿ ಇಳಿದು ಬರುವ ಇಂಟರ್ನಲ್ ಮ್ಯಾಮರಿ ಧಮನಿಯನ್ನು ಕೊರೊನರಿ ಧಮನಿಗೆ ಹೊಲಿದು ಕೂಡಿಸಿದನು. ೧೯೬೭ರ ಮೇ ತಿಂಗಳಲ್ಲಿ ಕ್ಲೀವ್‌ಲೆಂಡಿನಲ್ಲಿ ಅರ್ಜೆಂಟೈನಾದ ರೆನೆ ಫವಲೊರೊ ಕಾಲಿನಿಂದ ತೆಗೆದ ಅಭಿಧಮನಿಯನ್ನು ಉಪಯೋಗಿಸುವ ಮಾರ್ಗವನ್ನು ರೂಢಿಗೆ ತಂದನು. ಬೈಪಾಸ್ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿದ್ದು ಈ ಎರಡನೆಯ ಮಾರ್ಗದಿಂದ. ನಮ್ಮ ದೇಶದಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಏರ್ಪಟ್ಟದ್ದು ೧೯೪೮ರಲ್ಲಿ ವೆಲ್ಲೂರಿಗೆ ಬಂದ ರೀವ್ ಬೆಟ್ಸ್ ಅವರ ಶ್ರಮದಿಂದ. ಮೊದಲ ಬೈಪಾಸನ್ನು ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ೧೯೭೫ರಲ್ಲಿ ಕೆ. ಎಂ. ಚೆರಿಯನ್ ಅವರು ನಡಸಿದರು.

ಕಾಲಿನ ಅಭಿಧಮನಿಗೆ ಒಂದು ದೋಷವುಂಟು. ಹತ್ತು ವರ್ಷಗಳಲ್ಲಿ ಇಂಥ ಕಾಲುವೆಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮುಚ್ಚಿಹೋಗುತ್ತವೆ ಅಥವಾ ಕೆಡುತ್ತವೆ. ಎದೆಯ ಧಮನಿಯು ಹಾಗಲ್ಲ. ಅದರಲ್ಲಿ ಬಹುಪಾಲು ತೆರೆದೇ ಇರುತ್ತವೆ. ೧೯೮೬ರಲ್ಲಿ ಕ್ಲೀವ್‌ಲೆಂಡಿನ ಫ್ಲಾಯ್ಡ್ ಲೂಪ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವರದಿ ಈ ವಿಷಯದಲ್ಲಿ ನಿರ್ಣಾಯಕವಾಯಿತು. ಮೂರು ಧಮನಿಗಳಲ್ಲಿಯೂ ರೋಗವಿದ್ದವರ ಪೈಕಿ, ಎದೆಯ ಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ಶಾಖೆಗೆ ಕೂಡಿಸಿದವರಲ್ಲಿ ಶೇಕಡ ೮೨.೬ ಮಂದಿ ಹತ್ತು ವರ್ಷ ಬದುಕಿದ್ದರು. ಬರಿಯ ಅಭಿಧಮನಿಯನ್ನು ಉಪಯೋಗಿಸಿದವರಲ್ಲಿ ಶೇಕಡ ೭೧. ಅಲ್ಲಿಂದೀಚೆಗೆ ಎಡಗಡೆಯ ಮ್ಯಾಮರಿ ಧಮನಿಯನ್ನು ಬಳಸುವುದೇ ನಿಯಮವಾಗಿದೆ.

೫

ಈಗ ಎರಡು ಧಾರೆಗಳೂ ಕೂಡುವ ಸ್ಥಳಕ್ಕೆ ಬಂದಿದ್ದೇವೆ. ಇವು ಕೂಡುವುದಕ್ಕೆ ಮೊದಲ ಕಾರಣ ತಂಬಾಕು. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಕಾರಣವೆಂದು ೧೯೬೪ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿ ಪುರುಷರ ಮಟ್ಟಿಗೆ ಸ್ಪಷ್ಟವಾಗಿ ಸಾರಿತು; ಹೃದಯದ ಧಮನಿಗಳ ರೋಗದ ವಿಷಯದಲ್ಲಿ ಆ ವರದಿ ಸಂಬಂಧವನ್ನು ಗುರುತಿಸಿದರೂ ಕಾರಣವೆಂದು ಹೇಳಲು ಹಿಂಜರಿಯಿತು. ಮುಂದಿನ ವರ್ಷಗಳಲ್ಲಿ ಆ ಹಿಂಜರಿಕೆಗೂ ಅವಕಾಶವುಳಿಯಲಿಲ್ಲ. ಒಂದೇ ದುರಭ್ಯಾಸ ಎರಡು ರೋಗಗಳ ಬೀಜವನ್ನು ಬಿತ್ತುತ್ತದೆ. ಹೃದಯದ ಬೆಳೆ ಮುಂಚೆ ಬರುತ್ತದೆ, ಶ್ವಾಸಕೋಶದ್ದು ತಡವಾಗಿ. ಎರಡನೆಯ ಕಾರಣ ಚಿಕಿತ್ಸೆಯ ಯಶಸ್ಸು. ಹಿಂದಿನ ಕಾಲದಲ್ಲಿ ಹೃದಯಾಘಾತದಿಂದ ಐವತ್ತನೆಯ ವಯಸ್ಸಿಗೇ ಸಾಯುತ್ತಿದ್ದವನು ಬೈಪಾಸಿನ ದೆಸೆಯಿಂದ ಎಪ್ಪತ್ತನ್ನು ದಾಟಿ, ಕ್ಯಾನ್ಸರ್ ಬರುವ ವಯಸ್ಸಿಗೆ ಬಂದು ಮುಟ್ಟುತ್ತಾನೆ.

ಕೂಡುವ ಸ್ಥಳದ ಭೂಗೋಳವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಎಡಗಡೆಯ ಮ್ಯಾಮರಿ ಧಮನಿ ಕೊರಳೆಲುಬಿನ ಕೆಳಗಣ ದೊಡ್ಡ ಧಮನಿಯಿಂದ ಹುಟ್ಟುತ್ತದೆ. ಸ್ವಾಭಾವಿಕವಾಗಿ ಅದು ಎದೆಯ ಗೋಡೆಯ ಒಳಬದಿಗೆ ಹತ್ತಿಕೊಂಡು ಕೆಳಕ್ಕೆ ಇಳಿಯುತ್ತದೆ. ಬೈಪಾಸ್ ಮಾಡುವಾಗ ಅದನ್ನು ಗೋಡೆಯಿಂದ ಬಿಡಿಸಿ, ಹುಟ್ಟಿದ ಕಡೆ ಹಾಗೆಯೇ ಉಳಿಸಿ, ಕೆಳತುದಿಯನ್ನು ಹೃದಯದ ಕಡೆಗೆ ತಿರುಗಿಸಿ ಹೊಲಿಯುತ್ತಾರೆ. ಹೀಗೆ ತಿರುಗಿಸಿದ ಧಮನಿ ಎಡ ಶ್ವಾಸಕೋಶದ ಮೇಲಿನ ಹಾಲೆಯ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಈ ಕೆಲಸದಲ್ಲಿ ಎಡಗಡೆಯ ಪೊರೆ ತೆರೆದುಕೊಳ್ಳುವುದು ಸಾಮಾನ್ಯ. ಗಾಯ ಮಾಯುವಾಗ ಹಾಲೆಯೂ ಧಮನಿಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇಂಥ ರೋಗಿಗೆ ಎಡ ಮೇಲ್ಹಾಲೆಯಲ್ಲಿ ಕ್ಯಾನ್ಸರ್ ಬಂದರೆ, ಶಸ್ತ್ರವೈದ್ಯನು ಆ ಅಂಟನ್ನು ಬಿಡಿಸಿಯೇ ಹಾಲೆಯನ್ನು ತೆಗೆಯಬೇಕು. ಕಡ್ಡಿಯಷ್ಟು ದಪ್ಪದ ಆ ಧಮನಿಗೆ ಪೆಟ್ಟು ತಗುಲಿದರೆ ಹೃದಯದ ಮುಂಭಾಗಕ್ಕೆ ರಕ್ತ ನಿಂತು ಮೇಜಿನ ಮೇಲೆಯೇ ಹೃದಯಾಘಾತವಾಗಬಹುದು. ೧೯೧೮ರಲ್ಲಿ ಪ್ರಾಣವನ್ನುಳಿಸಿದ ಅಂಟು ಇಲ್ಲಿ ಪ್ರಾಣಕ್ಕೆ ಎರವಾಗುವ ಅಂಟಾಗಿದೆ. ೧೯೩೩ರಲ್ಲಿ ಗ್ರೇಯಮ್ ಕೈಯಿಟ್ಟ ಎಡ ಮೇಲ್ಹಾಲೆಯೇ ಈ ತೊಡಕಿನ ಕೇಂದ್ರವಾಗಿರುವುದನ್ನೂ ಗಮನಿಸಬೇಕು. ಬಲಗಡೆಯ ಶ್ವಾಸಕೋಶದಲ್ಲಾಗಲಿ ಎಡಗಡೆಯ ಕೆಳಹಾಲೆಯಲ್ಲಾಗಲಿ ಗಂತಿಯಿದ್ದರೆ ತೊಡಕು ಸಾಮಾನ್ಯವಾಗಿ ಅಷ್ಟಿಲ್ಲ. ಹೃದಯಕ್ಕೆ ಅತ್ಯುತ್ತಮವೆಂದು ಸಿದ್ಧವಾದ ಕಾಲುವೆಯೇ ಶ್ವಾಸಕೋಶದ ಶಸ್ತ್ರವೈದ್ಯನಿಗೆ ಅತ್ಯಂತ ಕಷ್ಟವಾದುದು. ಬೇಗ ಕೆಡುವ ಅಭಿಧಮನಿಯ ಕಾಲುವೆ ಹೃದಯದ ಮೇಲೆಯೇ ಮಲಗಿರುವುದರಿಂದ ಅವನ ದಾರಿಗೆ ಅಷ್ಟಾಗಿ ಅಡ್ಡಬರುವುದಿಲ್ಲ.

ಈ ತೊಡಕಿಗೆ ಶಸ್ತ್ರವೈದ್ಯರು ಕಂಡುಕೊಂಡ ಉಪಾಯ ಸರಳವಾದುದು. ಗಂತಿಯು ಧಮನಿಯಿಂದ ಸಾಕಷ್ಟು ದೂರವಿದ್ದರೆ, ಧಮನಿಗೆ ಅಂಟಿರುವ ಶ್ವಾಸಕೋಶದ ಒಂದು ತೆಳುಪಟ್ಟಿಯನ್ನು ಹಾಗೆಯೇ ಬಿಟ್ಟು, ಸ್ಟೇಪ್ಲರ್ ಎಂಬ ಉಪಕರಣದಿಂದ ಮುಚ್ಚಿ ಕತ್ತರಿಸಿ, ಉಳಿದ ಹಾಲೆಯನ್ನು ತೆಗೆಯುತ್ತಾರೆ. ಧಮನಿಯನ್ನು ಮುಟ್ಟುವುದೇ ಇಲ್ಲ. ಕೆಲವೆಡೆ ಹೃದಯಾವರಣವನ್ನು ತೆರೆದು ಅದರೊಳಗಿನಿಂದ ದಾರಿ ಮಾಡಿಕೊಳ್ಳುವುದೂ ಉಂಟು. ಗಂತಿ ಧಮನಿಯನ್ನೇ ಹಿಡಿದುಕೊಂಡಿದ್ದರೆ ಪ್ರಶ್ನೆ ಕಠಿನವಾಗುತ್ತದೆ. ಆಗ ಹೃದಯಕ್ಕೆ ಬೇರೆ ಮಾರ್ಗದಿಂದ ರಕ್ತವನ್ನು ಒದಗಿಸುವುದೇ, ಶಸ್ತ್ರವನ್ನು ಬಿಟ್ಟು ಗುರಿಯಿಟ್ಟ ವಿಕಿರಣ ಚಿಕಿತ್ಸೆಯನ್ನು ಕೊಡುವುದೇ ಎಂಬುದನ್ನು ಇಬ್ಬಗೆಯ ವೈದ್ಯರೂ ಕೂಡಿ ತೀರ್ಮಾನಿಸಬೇಕಾಗುತ್ತದೆ.

೬

ಹಿಂದಿನ ಬೈಪಾಸ್ ಎಂಬುದು ಕೇವಲ ಅಡಚಣೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ದೊರೆತ ಉತ್ತರ ಚರಿತ್ರೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದುದು. ಅಮೆರಿಕದಲ್ಲಿ ೧೯೭೪ರಿಂದ ೧೯೭೯ರವರೆಗೆ ಹೃದಯದ ಧಮನಿಗಳ ರೋಗವನ್ನು ಕುರಿತ ಒಂದು ದೊಡ್ಡ ಅಧ್ಯಯನಕ್ಕಾಗಿ ೨೪,೯೫೯ ಮಂದಿಯ ದಾಖಲೆಗಳನ್ನು ಸಂಗ್ರಹಿಸಿದ್ದರು. ಬೈಪಾಸ್ ಮೇಲೋ ಔಷಧ ಮೇಲೋ ಎಂಬುದು ಅಂದಿನ ಪ್ರಶ್ನೆ. ೧೯೯೭ರಲ್ಲಿ ಕಿಮ್ ಈಗಲ್ ಮತ್ತು ಸಹೋದ್ಯೋಗಿಗಳು ಅದೇ ದಾಖಲೆಗಳಿಗೆ ಬೇರೊಂದು ಪ್ರಶ್ನೆಯನ್ನು ಹಾಕಿದರು: ಇವರಲ್ಲಿ ಮುಂದೆ ಹೃದಯಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗೆ ಒಳಗಾದವರು ಏನಾದರು? ಅಂಥ ೩,೩೬೮ ಶಸ್ತ್ರಚಿಕಿತ್ಸೆಗಳು ದೊರೆತುವು. ಎದೆ, ಹೊಟ್ಟೆ, ದೊಡ್ಡ ರಕ್ತನಾಳ, ತಲೆ ಮತ್ತು ಕುತ್ತಿಗೆ—ಈ ಅಪಾಯಕರವಾದ ವರ್ಗದಲ್ಲಿ, ಹಿಂದೆ ಬೈಪಾಸ್ ಆಗಿದ್ದವರಲ್ಲಿ ಶೇಕಡ ೧.೭ ಮಂದಿ ಸತ್ತಿದ್ದರು. ಅದೇ ಹೃದ್ರೋಗಕ್ಕೆ ಔಷಧವನ್ನು ಮಾತ್ರ ಪಡೆದವರಲ್ಲಿ ಶೇಕಡ ೩.೩. ಹೃದಯಾಘಾತದ ಪ್ರಮಾಣ ಶೇಕಡ ೦.೮ ಮತ್ತು ೨.೭. ಎಂದರೆ ಹಳೆಯ ಬೈಪಾಸ್ ದಾರಿಯಲ್ಲಿ ತೊಡಕೂ ಹೌದು, ಪ್ರಯಾಣಿಕನಿಗೆ ಕವಚವೂ ಹೌದು.

ಈ ಅಂಕಿಗಳನ್ನು ಎಲ್ಲೆ ಮೀರಿ ಎಳೆಯಬಾರದು. ಇವು ಚೀಟಿಯೆತ್ತಿ ಗುಂಪು ಮಾಡಿದ ಪರೀಕ್ಷೆಯಿಂದ ಬಂದವಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಹೃದಯವನ್ನು ಸರಿಪಡಿಸಿಕೊಳ್ಳುವುದೇ ಕ್ಷೇಮವೆಂಬ ಭಾವನೆಯನ್ನು ಪರೀಕ್ಷಿಸಲು, ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ ೫೧೦ ಮಂದಿಯನ್ನು ಹೀಗೆ ಗುಂಪು ಮಾಡಿ ನಡಸಿದ ಅಮೆರಿಕದ ಅಧ್ಯಯನವೊಂದು ೨೦೦೪ರಲ್ಲಿ ಪ್ರಕಟವಾಯಿತು. ಸ್ಥಿರವಾದ ಹೃದ್ರೋಗವಿದ್ದವರಿಗೆ ಮುಂಗಡವಾಗಿ ಮಾಡಿದ ಹೃದಯದ ಚಿಕಿತ್ಸೆಯಿಂದ ಆಯುಷ್ಯ ಹೆಚ್ಚಲಿಲ್ಲವೆಂದು ಅದು ತಿಳಿಸಿತು. ಈ ಎರಡು ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಹಿಂದೆ ಅಗತ್ಯವಿದ್ದಾಗ ಮಾಡಿದ ಬೈಪಾಸ್ ಇಂದು ರಕ್ಷಣೆ ಕೊಡಬಹುದು. ಇಂದಿನ ಇನ್ನೊಂದು ಕೆಲಸಕ್ಕಾಗಿಯೇ ಅದನ್ನು ಮಾಡಿಸಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ.

ಈಚಿನ ಮೂರು ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯದು ಸಿ.ಟಿ. ಚಿತ್ರಣ. ಅದರಿಂದ ಕಾಲುವೆಯ ದಾರಿಯನ್ನು ಮುಂಚೆಯೇ ನೋಡಬಹುದು. ಗಂತಿಯನ್ನೂ ಬೇಗ ಹಿಡಿಯಬಹುದು. ೫೩,೪೫೪ ಮಂದಿಯನ್ನು ಒಳಗೊಂಡು ೨೦೧೧ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬಹಳವಾಗಿ ಧೂಮಪಾನ ಮಾಡಿದವರನ್ನು ಹೀಗೆ ಪರೀಕ್ಷಿಸುತ್ತ ಬಂದುದರಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡ ೨೦ರಷ್ಟು ಇಳಿಯಿತು. ಎರಡನೆಯದು ೧೯೯೦ರ ದಶಕದಿಂದ ಬೆಳೆದ, ಪಕ್ಕೆಲುಬುಗಳನ್ನು ಅಗಲಿಸದೆ ಸಣ್ಣ ರಂಧ್ರಗಳ ಮೂಲಕ ಕ್ಯಾಮರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ. ಮೂರನೆಯದು ಹಾಲೆಗಿಂತಲೂ ಕಡಮೆ ಭಾಗವನ್ನು ತೆಗೆಯುವ ಕ್ರಮ. ಹೀಗೆ ತೆಗೆದರೆ ರೋಗ ಅದೇ ಸ್ಥಳದಲ್ಲಿ ಮರುಕಳಿಸುವುದು ಹೆಚ್ಚೆಂದು ೧೯೯೫ರ ಅಮೆರಿಕದ ಅಧ್ಯಯನ ಎಚ್ಚರಿಸಿತ್ತು. ಆದರೆ ೧,೧೦೬ ರೋಗಿಗಳನ್ನು ಕುರಿತು ೨೦೨೨ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಎರಡು ಸೆಂಟಿಮೀಟರಿಗೆ ಮೀರದ, ಅಂಚಿನಲ್ಲಿರುವ ಗಂತಿಗಳಿಗೆ ಹಾಲೆಯ ಒಂದು ಖಂಡವನ್ನಷ್ಟೇ ತೆಗೆದವರಲ್ಲಿ ಶೇಕಡ ೯೪.೩ ಮಂದಿ ಐದು ವರ್ಷ ಬದುಕಿದ್ದರು, ಇಡೀ ಹಾಲೆಯನ್ನು ತೆಗೆದವರಲ್ಲಿ ಶೇಕಡ ೯೧.೧. ಸ್ಥಳೀಯ ಮರುಕಳಿಕೆ ಮಾತ್ರ ಅಲ್ಲಿಯೂ ಖಂಡ ತೆಗೆದವರಲ್ಲೇ ಹೆಚ್ಚಾಗಿತ್ತು. ದುರ್ಬಲವಾದ ಹೃದಯವುಳ್ಳವನಿಗೆ ಉಸಿರಿನ ಒಂದೊಂದು ಪಾಲೂ ಬೆಲೆಯುಳ್ಳದ್ದಾದುದರಿಂದ ಈ ಚರ್ಚೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು.

೭

ಮೇಲಿನ ವಿವೇಚನೆಯಿಂದ ಎರಡು ಮಾತುಗಳನ್ನು ಸಂಗ್ರಹಿಸಬಹುದೆಂದು ತೋರುತ್ತದೆ. ಪ್ರಗತಿಯನ್ನು ನಾವು ಸಾಮಾನ್ಯವಾಗಿ ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳಂತೆ ಚಿತ್ರಿಸುತ್ತೇವೆ. ಎದೆಯ ಶಸ್ತ್ರಚಿಕಿತ್ಸೆಯ ಚರಿತ್ರೆ ಹೆಚ್ಚಾಗಿ ಹಳೆಯ ಊರಿನ ನಿವೇಶನವನ್ನು ಹೋಲುತ್ತದೆ. ಹೊಸ ಮನೆ ಕಟ್ಟುವವನು ಹಿಂದಿನವರ ಅಸ್ತಿಭಾರ ಎಲ್ಲಿದೆ, ಬಾವಿ ಎಲ್ಲಿದೆ ಎಂದು ಮೊದಲು ತಿಳಿಯಬೇಕು. ತಿಳಿಯದೆ ಅಗೆದರೆ ಗೋಡೆ ಕುಸಿಯುತ್ತದೆ. ಹಿಂದಿನವನು ತಪ್ಪು ಮಾಡಿದನೆಂದು ಇದರ ಅರ್ಥವಲ್ಲ. ಅವನು ತನ್ನ ಕಾಲದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟನು. ಆ ಉತ್ತರದಿಂದ ಬದುಕಿದವನು ಮುಂದಿನ ಪ್ರಶ್ನೆಯನ್ನು ಹೊತ್ತು ತಂದನು.

ಎರಡನೆಯ ಮಾತು ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದುದು. ಗ್ರೇಯಮನ ರೋಗಿ ಮೂವತ್ತು ವರ್ಷ ಬದುಕಿದನೆಂದು ನಮಗೆ ಗೊತ್ತಿರುವುದೂ, ೧೯೭೦ರ ದಶಕದ ಕಡತಗಳಿಂದ ೧೯೯೭ರಲ್ಲಿ ಹೊಸ ಉತ್ತರ ದೊರೆತುದೂ ದಾಖಲೆಗಳನ್ನು ಕಾಪಾಡಿಕೊಂಡು ಬಂದುದರಿಂದ. ಎರಡನೆಯ ಶಸ್ತ್ರವೈದ್ಯನು ಚಾಕುವನ್ನು ಹಿಡಿಯುವ ಮುನ್ನ, ಮೊದಲನೆಯವನು ಯಾವ ಧಮನಿಯನ್ನು ಎಲ್ಲಿಗೆ ಹೊಲಿದನು, ಯಾವ ಪೊರೆಯನ್ನು ತೆರೆದನು ಎಂಬುದನ್ನು ಅವನ ಬರಹದಿಂದಲೇ ತಿಳಿಯಬೇಕು. ಚಿತ್ರಣಯಂತ್ರಗಳು ಇದರಲ್ಲಿ ಬಹುಭಾಗವನ್ನು ತೋರಿಸುತ್ತವೆ, ಎಲ್ಲವನ್ನೂ ಅಲ್ಲ. ಹದಿನೈದು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿ ರದ್ದಿಗೆ ಹೋಗಿದ್ದರೆ ಅವನು ಅಷ್ಟರಮಟ್ಟಿಗೆ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ಶಾಸನಗಳನ್ನೂ ಕಡತಗಳನ್ನೂ ಕಾಪಾಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವಾಗ ಕಳೆದುಹೋದ ಕಾಲದ ಜ್ಞಾನವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಬದುಕಿರುವ ಮನುಷ್ಯನ ಉಸಿರೂ ಒಂದು ಹಳೆಯ ಹಾಳೆಯನ್ನು ಅವಲಂಬಿಸಿರಬಹುದು. ಆಸ್ಪತ್ರೆಯ ದಾಖಲೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸಿ ಅವುಗಳ ರಕ್ಷಣೆಗೆ ವೈದ್ಯರೊಡನೆ ಇತಿಹಾಸದ ವಿಭಾಗಗಳೂ ಕೈಗೂಡಿಸುವುದು ಉಚಿತವೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.